ಗುದ್ದಿದ ಗಾಡಿಗೆ ವಿಮೆ ಇರಲಿಲ್ಲ: ಪರಿಹಾರವನ್ನು ಯಾರಿಂದ ಕೇಳಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಎರಡು ತಿಂಗಳ ಹಿಂದೆ ರಾತ್ರಿ ತಮ್ಮ ಬೈಕಿನಲ್ಲಿ ನನ್ನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಆನಗೋಡು ಕಡೆಯ ನಮ್ಮೂರಿಗೆ ಬರುತ್ತಿದ್ದಾಗ, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬಂದ ಗೂಡ್ಸ್ ಗಾಡಿ ಗುದ್ದಿತು. ಅಲ್ಲಿ ದೀಪವಿಲ್ಲದೆ ನಿಂತಿದ್ದ ಲಾರಿಯೊಂದನ್ನು ತಪ್ಪಿಸಲು ಆತ ಬಲಕ್ಕೆ ನುಗ್ಗಿದ್ದ. ಯಜಮಾನರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ, ತಮ್ಮನ ಕೈ ಮುರಿದಿದೆ. ಗೂಡ್ಸ್ ಗಾಡಿಯ ಇನ್ಶೂರೆನ್ಸ್ ಮುಗಿದುಹೋಗಿತ್ತಂತೆ. ಆರ್‌ಸಿ ಇನ್ನೂ ರಾಣೆಬೆನ್ನೂರಿನ ಹಳೆಯ ಮಾಲೀಕರ ಹೆಸರಿನಲ್ಲಿದೆ. ಈಗಿನ ಮಾಲೀಕ ಐವತ್ತು ಸಾವಿರ ಕೊಡುತ್ತೇನೆ, ಸಹಿ ಹಾಕಿ ಎನ್ನುತ್ತಾನೆ. ಇನ್ನೊಬ್ಬರು, ಇನ್ಶೂರೆನ್ಸ್ ಇರುವ ಬೇರೆ ಗಾಡಿ ತೋರಿಸೋಣ, ಇಲ್ಲದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ ಎನ್ನುತ್ತಾರೆ. ನಮಗೆ ದಾರಿ ಯಾವುದು?
– ಓರ್ವ ಓದುಗರು, ದಾವಣಗೆರೆ ತಾಲ್ಲೂಕು

ಉತ್ತರ: ತಾಯಿ, ಮೊದಲು ಬೇರೆ ಗಾಡಿ ತೋರಿಸುವ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ದಾರಿಗಳನ್ನೂ ಮುಚ್ಚಿಹಾಕುವ ಶಕ್ತಿ ಇರುವುದು ಅದೊಂದಕ್ಕೆ. ಅಪಘಾತ ಮಾಡದ ಗಾಡಿಯನ್ನು ಅಪಘಾತ ಮಾಡಿದ ಗಾಡಿ ಎಂದು ದಾಖಲೆಗೆ ಸೇರಿಸುವುದು ವಂಚನೆ. ವಿಮಾ ಕಂಪನಿಗಳು ಇಂತಹ ಅರ್ಜಿಗಳ ಬಗ್ಗೆ ಪ್ರತ್ಯೇಕ ತನಿಖೆ ನಡೆಸುತ್ತವೆ. ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣದ) ದಾಖಲೆ ಇವುಗಳಲ್ಲಿ ಒಂದಕ್ಕೊಂದು ಹೊಂದದ ಒಂದೇ ಒಂದು ಸಾಲು ಸಿಕ್ಕರೂ ಅರ್ಜಿ ವಜಾ ಆಗಬಹುದು, ಮೇಲೆ ಕ್ರಿಮಿನಲ್ ಮೊಕದ್ದಮೆ ಬೀಳಬಹುದು. ಆಗ ಕಾಲು ಕಳೆದುಕೊಂಡ ನಿಮ್ಮ ಯಜಮಾನರೇ ಆರೋಪಿಯಾಗುತ್ತಾರೆ, ಸಲಹೆ ಕೊಟ್ಟವರು ಪಕ್ಕಕ್ಕೆ ಸರಿಯುತ್ತಾರೆ. ನಿಮ್ಮ ಪ್ರಕರಣಕ್ಕೆ ಸುಳ್ಳಿನ ಅಗತ್ಯವೂ ಇಲ್ಲ. ನೀವೇ ಬರೆದಿರುವ ವಿವರದಲ್ಲಿ, ನಿಜವಾಗಿಯೂ ಅಲ್ಲಿದ್ದ ಎರಡನೆಯ ವಾಹನವೊಂದು ಇದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ವಿಮೆ ಇಲ್ಲದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ ಎಂಬ ಮಾತು ಕಾನೂನಿನ ಪ್ರಕಾರ ತಪ್ಪು. ಪರಿಹಾರ ಕೊಡುವ ಮೂಲ ಹೊಣೆ ತಪ್ಪು ಮಾಡಿದ ಚಾಲಕ ಮತ್ತು ವಾಹನದ ಮಾಲೀಕರದು. ವಿಮಾ ಕಂಪನಿ ಆ ಹೊಣೆಯನ್ನು ಮಾಲೀಕರ ಪರವಾಗಿ ಹೊರುತ್ತದೆ, ಅಷ್ಟೇ. ಮೋಟಾರು ವಾಹನ ಕಾಯ್ದೆ, 1988ರ 146ನೇ ಕಲಂ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದೆ. ಅಂತಹ ಪಾಲಿಸಿ ಜಾರಿಯಲ್ಲಿದ್ದರೆ ಮೂರನೆಯವರ ಸಾವು ಅಥವಾ ಗಾಯಕ್ಕೆ ಕಂಪನಿ ಕೊಡಬೇಕಾದ ಹಣಕ್ಕೆ ಇಷ್ಟೇ ರೂಪಾಯಿ ಎಂಬ ಮಿತಿ ಇರುವುದಿಲ್ಲ, ಮಿತಿ ಇರುವುದು ಆಸ್ತಿ ಹಾನಿಗೆ ಮಾತ್ರ. ಆದ್ದರಿಂದ ನಮ್ಮಲ್ಲಿ ವಿಮೆ ಸಾಲದೆ ಬರುವುದು ಎಂದರೆ ಪಾಲಿಸಿಯ ಮೊತ್ತ ಕಡಿಮೆಯಾಯಿತು ಎಂದಲ್ಲ. ಒಂದೋ ಪಾಲಿಸಿ ಅಪಘಾತದ ದಿನ ಜಾರಿಯಲ್ಲಿರುವುದಿಲ್ಲ, ಇಲ್ಲವೇ ಗಾಯಗೊಂಡವರು ಆ ಪಾಲಿಸಿಯ ರಕ್ಷಣೆಯೊಳಗೆ ಬರುವುದಿಲ್ಲ. ಎರಡನೆಯದಕ್ಕೆ ನಮ್ಮ ಚಿತ್ರದುರ್ಗ, ದಾವಣಗೆರೆ ಭಾಗದಲ್ಲಿ ನೋವಿನ ಉದಾಹರಣೆಯೊಂದು ಮತ್ತೆ ಮತ್ತೆ ಕಾಣುತ್ತದೆ: ಕಟಾವಿಗೋ ಮದುವೆಗೋ ಗೂಡ್ಸ್ ಗಾಡಿಯ ಹಿಂಬದಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವುದು. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತವರಿಗೆ ಆ ವಾಹನದ ವಿಮೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2003ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಸರಕಿನ ಮಾಲೀಕರಿಗೆ ಮತ್ತು ಅವರ ಪ್ರತಿನಿಧಿಗೆ ರಕ್ಷಣೆ ಇದೆ, ಜೊತೆಗೆ ಹತ್ತಿದ ನೆಂಟರಿಷ್ಟರಿಗೆ ಇಲ್ಲ. ಈ ಉತ್ತರವನ್ನು ಓದುವ ಇತರರು ಇದನ್ನು ದಯವಿಟ್ಟು ಮನೆಯವರಿಗೆ ತಿಳಿಸಬೇಕು.

ನಿಮ್ಮ ಯಜಮಾನರು ಗೂಡ್ಸ್ ಗಾಡಿಗೆ ಸಂಪೂರ್ಣವಾಗಿ ಹೊರಗಿನವರು, ಅಂದರೆ ಮೂರನೆಯವರು. ಹಾಗಾಗಿ ಇರುವುದು ಒಂದೇ ತೊಡಕು, ಪಾಲಿಸಿ ಮುಗಿದಿತ್ತು ಎಂಬುದು. ಅದನ್ನು ಮಾಲೀಕನ ಬಾಯಿಮಾತಿನಿಂದ ನಂಬಬೇಡಿ. ಗಾಡಿ ಕೈ ಬದಲಾಯಿಸಿದಾಗ ಹೊಸಬರು ಬೇರೆ ಕಂಪನಿಯಲ್ಲಿ ಪಾಲಿಸಿ ಮಾಡಿಸಿರುವುದುಂಟು. ಗಾಡಿಯ ನಂಬರಿನಿಂದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ, ಹಿಂದಿನ ವಿಮಾ ಕಂಪನಿಗೆ ಪತ್ರ ಬರೆದು ಪಾಲಿಸಿ ಯಾವ ದಿನ, ಎಷ್ಟು ಗಂಟೆಗೆ ಮುಗಿಯಿತು, ನವೀಕರಣಕ್ಕೆ ಹಣ ಬಂದಿತ್ತೇ ಎಂದು ಲಿಖಿತವಾಗಿ ಕೇಳಿ. ಪ್ರೀಮಿಯಂಗೆ ಕೊಟ್ಟ ಚೆಕ್ ಬೌನ್ಸ್ ಆಗಿ ಪಾಲಿಸಿ ರದ್ದಾಗಿದ್ದರೂ, ರದ್ದಾದ ಸುದ್ದಿ ಅಪಘಾತಕ್ಕೆ ಮೊದಲೇ ಮಾಲೀಕನಿಗೆ ತಲುಪಿರದಿದ್ದರೆ ಕಂಪನಿಯೇ ಮೂರನೆಯವರಿಗೆ ಹಣ ಕೊಡಬೇಕು ಎಂದು 2012ರಲ್ಲಿ ಲಕ್ಷ್ಮಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ ಎಂಬಂತಹ ದೋಷವಿದ್ದಾಗ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎನ್ನುವ ತತ್ವ 2004ರ ಸ್ವರಣ್ ಸಿಂಗ್ ತೀರ್ಪಿನಿಂದ ನೆಲೆನಿಂತಿದೆ. ಆದರೆ ಪಾಲಿಸಿಯೇ ಇರಲಿಲ್ಲವೆಂದು ಸಾಬೀತಾದರೆ ಈ ತತ್ವ ನೆರವಿಗೆ ಬರುವುದಿಲ್ಲ. ಹಾಗೆಂದುಕೊಂಡೇ ಮುಂದಿನ ಸಿದ್ಧತೆ ಮಾಡುವುದು ಕ್ಷೇಮ.

ಈಗ ಲಾರಿಯ ವಿಷಯ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಕರಣದ ಜೀವಾಳ ಇರುವುದು ಇಲ್ಲಿಯೇ. ರಸ್ತೆಯಲ್ಲಿ ಇತರರಿಗೆ ಅಪಾಯವಾಗುವಂತೆ ವಾಹನವನ್ನು ನಿಲ್ಲಿಸಿ ಹೋಗುವುದನ್ನು ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ನಿಂತ ವಾಹನದಿಂದ ಆದ ಅಪಘಾತವೂ ವಾಹನದ ಬಳಕೆಯಿಂದ ಆದ ಅಪಘಾತವೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ, ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ, ಒಪ್ಪಿದೆ. ಎರಡು ವಾಹನಗಳ ತಪ್ಪು ಸೇರಿ ಮೂರನೆಯವರಿಗೆ ಗಾಯವಾದಾಗ, ಗಾಯಾಳು ಆ ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ಣ ಪರಿಹಾರ ಪಡೆಯಬಹುದು, ತಮ್ಮ ತಮ್ಮೊಳಗಿನ ಪಾಲನ್ನು ಅವರು ಆಮೇಲೆ ಇತ್ಯರ್ಥಪಡಿಸಿಕೊಳ್ಳಲಿ ಎಂಬುದು 2015ರ ಖೆನ್ಯೇಯಿ ತೀರ್ಪಿನ ಸಾರ. ಇದರ ಪರಿಣಾಮವನ್ನು ಗಮನಿಸಿ: ಲಾರಿಗೆ ವಿಮೆ ಇದ್ದು, ದೀಪವೂ ರಿಫ್ಲೆಕ್ಟರೂ ಇಲ್ಲದೆ ಅದನ್ನು ನಿಲ್ಲಿಸಿದ್ದು ಅಪಘಾತಕ್ಕೆ ಭಾಗಶಃ ಕಾರಣವೆಂದು ನ್ಯಾಯಮಂಡಳಿ ಕಂಡುಕೊಂಡರೆ, ಆ ಲಾರಿಯ ವಿಮಾ ಕಂಪನಿಯಿಂದಲೇ ಪೂರ್ತಿ ಹಣವನ್ನು ಕೇಳುವ ಹಕ್ಕು ನಿಮಗೆ ಬರುತ್ತದೆ. ಲಾರಿಯದು ಏನೇನೂ ತಪ್ಪಿಲ್ಲ ಎಂದು ತೀರ್ಮಾನವಾದರೆ ಮಾತ್ರ ಈ ದಾರಿ ಮುಚ್ಚುತ್ತದೆ. ಆದ್ದರಿಂದ ಸಾಕ್ಷ್ಯವೇ ಎಲ್ಲ.

ಎಫ್‌ಐಆರ್‌ನಲ್ಲಿ ಲಾರಿಯ ಪ್ರಸ್ತಾಪ ಇದೆಯೇ ಎಂದು ಇಂದೇ ಓದಿ ನೋಡಿ. ಇಲ್ಲವೆಂದಾದರೆ ನಿಮ್ಮ ತಮ್ಮ ತನಿಖಾಧಿಕಾರಿಯ ಮುಂದೆ ಹೆಚ್ಚುವರಿ ಹೇಳಿಕೆ ಕೊಡಬೇಕು. ಅವರು ದಾಖಲಿಸಿಕೊಳ್ಳಲು ತಡಮಾಡಿದರೆ ಅದೇ ಹೇಳಿಕೆಯನ್ನು ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಸ್ಥಳ ಮಹಜರಿನ ನಕ್ಷೆಯಲ್ಲಿ ಲಾರಿ ನಿಂತ ಜಾಗ ಗುರುತಾಗಿದೆಯೇ ನೋಡಿ. ಅಂದು ಸೇರಿದ ಜನರಲ್ಲಿ ಯಾರಾದರೂ ಮೊಬೈಲಿನಲ್ಲಿ ಫೋಟೊ, ವಿಡಿಯೊ ತೆಗೆದಿರುತ್ತಾರೆ. ಹತ್ತಿರದ ಹೋಟೆಲು, ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕಿನವರನ್ನು ಸಂಜೆ ಹೊತ್ತಿನಲ್ಲಿ, ಅದೇ ಜನ ಇರುವ ವೇಳೆಯಲ್ಲಿ, ಹೋಗಿ ವಿಚಾರಿಸಿ. ಸಿಸಿಟಿವಿ ದೃಶ್ಯಗಳು ಇಷ್ಟರಲ್ಲಿ ಅಳಿಸಿಹೋಗಿರಬಹುದು, ಆದರೆ ಲಾರಿಯ ನಂಬರ್ ಅರ್ಧಂಬರ್ಧ ಸಿಕ್ಕರೂ ಹೆಬ್ಬಾಳು ಟೋಲ್‌ನ ಫಾಸ್ಟ್‌ಟ್ಯಾಗ್ ದಾಖಲೆಗಳ ಮೂಲಕ ಪೊಲೀಸರು ಅದನ್ನು ಹುಡುಕಲು ಸಾಧ್ಯವಿದೆ. ಈ ಕೋರಿಕೆಯನ್ನೂ ಬರವಣಿಗೆಯಲ್ಲೇ ಕೊಡಿ. ಕಂಡದ್ದನ್ನು ಕಂಡಷ್ಟೇ ಹೇಳಬೇಕು. ನಂಬರ್ ನೆನಪಿಲ್ಲದವರ ಬಾಯಿಂದ ನಂಬರ್ ಹೇಳಿಸಿದರೆ, ಮೊದಲು ನಾನು ಎಚ್ಚರಿಸಿದ ತಪ್ಪಿಗೇ ಮರಳಿದಂತಾಗುತ್ತದೆ.

ಗೂಡ್ಸ್ ಗಾಡಿಯ ಕಡೆ ಹೊಣೆಗಾರರು ಯಾರು ಎಂಬ ಪ್ರಶ್ನೆಗೆ ಬರೋಣ. ಗಾಡಿ ಮಾರಿ ಎಷ್ಟೇ ಕಾಲವಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ರಾಣೆಬೆನ್ನೂರಿನವರು ಛಾಪಾ ಕಾಗದದ ಮೇಲೆ ಮಾರಾಟ ಕರಾರು ತೋರಿಸಿದರೂ ನಿಮ್ಮ ಮಟ್ಟಿಗೆ ಅವರ ಹೊಣೆ ತಪ್ಪುವುದಿಲ್ಲ. ಹಾಗಾಗಿ ಚಾಲಕ, ಗಾಡಿಯನ್ನು ಇಟ್ಟುಕೊಂಡಿರುವ ಈಗಿನ ವ್ಯಕ್ತಿ, ಆರ್‌ಸಿ ಮಾಲೀಕರು, ಲಾರಿಯ ಚಾಲಕ ಮತ್ತು ಮಾಲೀಕರು, ಲಾರಿಯ ವಿಮಾ ಕಂಪನಿ ಇವರೆಲ್ಲರನ್ನೂ ಎದುರುದಾರರನ್ನಾಗಿ ಮಾಡಿ ಅರ್ಜಿ ಹಾಕಬೇಕು. ಯಾರನ್ನಾದರೂ ಬಿಟ್ಟು ವರ್ಷ ಕಳೆದ ಮೇಲೆ ಸೇರಿಸಲು ಹೊರಟರೆ ಪ್ರಕರಣ ಮತ್ತೆ ಮೊದಲಿಗೆ ಹೋಗುತ್ತದೆ.

ವಿಮೆ ಇಲ್ಲದ ಗಾಡಿಯ ಪ್ರಕರಣದಲ್ಲಿ ತೀರ್ಪು ಪಡೆಯುವುದಕ್ಕಿಂತ ಹಣ ಪಡೆಯುವುದು ಕಷ್ಟ. ತೀರ್ಪು ಬರುವ ಹೊತ್ತಿಗೆ ಗಾಡಿ ಗುಜರಿಗೆ, ಹೊಲ ಹೆಂಡತಿಯ ಹೆಸರಿಗೆ ಹೋಗಿರುತ್ತದೆ. ಆದ್ದರಿಂದ ವಸೂಲಿಯ ಕೆಲಸವನ್ನು ಅರ್ಜಿಯ ಜೊತೆಯಲ್ಲೇ ಆರಂಭಿಸಬೇಕು. ಗೂಡ್ಸ್ ಗಾಡಿ ಈಗ ಪೊಲೀಸ್ ಠಾಣೆಯ ಆವರಣದಲ್ಲಿದೆಯೇ, ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ಬಿಡುಗಡೆಯಾಗಿದೆಯೇ ಎಂದು ತಿಳಿದುಕೊಳ್ಳಿ. ವಿಮೆಯಿಲ್ಲದೆ ಅಪಘಾತ ಮಾಡಿದ ವಾಹನವನ್ನು ಮಾಲೀಕರು ತಕ್ಕ ಭದ್ರತೆ ಕೊಡದೆ ಬಿಡುಗಡೆ ಮಾಡಬಾರದು, ಕೊಡದಿದ್ದರೆ ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಉಷಾ ದೇವಿ ಪ್ರಕರಣದಲ್ಲಿ ನಿರ್ದೇಶಿಸಿತು. ಗಾಡಿ ಇನ್ನೂ ಠಾಣೆಯಲ್ಲೇ ಇದ್ದರೆ, ಸಹಾಯಕ ಸರ್ಕಾರಿ ಅಭಿಯೋಜಕರನ್ನು ಕಂಡು, ಬಿಡುಗಡೆ ಅರ್ಜಿಗೆ ಆಕ್ಷೇಪಣೆ ಸಲ್ಲಿಸುವಂತೆ ಕೇಳಿಕೊಳ್ಳಿ. ಇದಕ್ಕೆ ದಿನಗಳ ಲೆಕ್ಕದಲ್ಲಿ ಓಡಾಡಬೇಕು.

ಎದುರುದಾರರ ಆಸ್ತಿಯ ವಿವರವನ್ನು ಸಂಗ್ರಹಿಸುವುದು ನಮ್ಮ ರಾಜ್ಯದಲ್ಲಿ ಕಷ್ಟವಲ್ಲ. ಸರ್ವೆ ನಂಬರ್ ತಿಳಿದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ, ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಆಸ್ತಿಯನ್ನು ಪರಭಾರೆ ಮಾಡುವ ಪ್ರಯತ್ನ ನಡೆದಿದೆ ಎನ್ನುವುದಕ್ಕೆ ಆಧಾರವಿದ್ದರೆ, ತೀರ್ಪಿಗೆ ಮೊದಲೇ ಜಪ್ತಿ ಮಾಡುವಂತೆ ಮಧ್ಯಂತರ ಅರ್ಜಿ ಹಾಕಲು ವಕೀಲರಿಗೆ ಹೇಳಿ. ಬರೀ ಅನುಮಾನದ ಮೇಲೆ ಇಂತಹ ಆದೇಶ ಸಿಗುವುದಿಲ್ಲ. ತೀರ್ಪಾದ ಮೇಲೆ ಕಾಯ್ದೆಯ 174ನೇ ಕಲಮಿನಂತೆ ನ್ಯಾಯಮಂಡಳಿಯಿಂದ ವಸೂಲಾತಿ ಪ್ರಮಾಣಪತ್ರ ಪಡೆದರೆ, ಜಿಲ್ಲಾಧಿಕಾರಿಗಳು ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ರೈತನೊಬ್ಬ ವಾಸವಿರುವ ಮನೆ, ಉಳುಮೆಯ ಸಲಕರಣೆ, ಎತ್ತು, ಬಿತ್ತನೆ ಬೀಜ ಇವುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ರಕ್ಷಣೆ ಕೊಟ್ಟಿದೆ ಎಂಬುದನ್ನೂ ತಿಳಿದಿರಿ. ಅವನ ಜಮೀನಿಗೆ ಆ ಕಲಮಿನ ರಕ್ಷಣೆ ಇಲ್ಲ.

ಎಷ್ಟು ಪರಿಹಾರ ಕೇಳಬಹುದು ಎಂಬುದನ್ನು ಒಂದು ಲೆಕ್ಕದ ಮೂಲಕವೇ ಹೇಳುತ್ತೇನೆ, ಐವತ್ತು ಸಾವಿರದ ಮಾತು ಎಷ್ಟು ಚಿಕ್ಕದು ಎಂಬುದು ಆಗ ತಿಳಿಯುತ್ತದೆ. ನಿಮ್ಮ ಯಜಮಾನರ ಮಾಸಿಕ ಆದಾಯ 15,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸ್ವಂತ ದುಡಿಮೆಯ, 40 ವರ್ಷದೊಳಗಿನ ವ್ಯಕ್ತಿಗೆ ಮುಂದಿನ ಆದಾಯ ಏರಿಕೆಯೆಂದು ಶೇ 40 ಸೇರಿಸಬೇಕು ಎಂಬುದು 2017ರ ಪ್ರಣಯ್ ಸೇಠಿ ತೀರ್ಪಿನ ನಿಯಮ, ಅದು ಶಾಶ್ವತ ಅಂಗವೈಕಲ್ಯದ ಪ್ರಕರಣಗಳಿಗೂ ಅನ್ವಯಿಸುತ್ತದೆ. ಅಲ್ಲಿಗೆ ತಿಂಗಳಿಗೆ 21,000, ವರ್ಷಕ್ಕೆ 2,52,000. 36ರಿಂದ 40 ವಯಸ್ಸಿನವರಿಗೆ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 15, ಆದ್ದರಿಂದ 37,80,000. ದುಡಿಮೆಯ ಶಕ್ತಿ ಶೇ 80ರಷ್ಟು ಹೋಗಿದೆ ಎಂದು ನ್ಯಾಯಮಂಡಳಿ ಒಪ್ಪಿದರೆ 30,24,000 ರೂಪಾಯಿ. ಇದು ಕೇವಲ ಗಳಿಕೆಯ ನಷ್ಟ. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ಕಾಲದ ಕೂಲಿ ನಷ್ಟ, ನೋಡಿಕೊಳ್ಳುವವರ ಖರ್ಚು, ಕೃತಕ ಕಾಲು ಮತ್ತು ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸುವ ವೆಚ್ಚ, ಇವೆಲ್ಲ ಬೇರೆ, ಮೇಲೆ ಬಡ್ಡಿಯೂ ಸೇರುತ್ತದೆ.

ಈ ಲೆಕ್ಕದಲ್ಲಿ ಅತಿ ಹೆಚ್ಚು ವಾದ ನಡೆಯುವುದು ಶೇಕಡಾವಾರು ಅಂಗವೈಕಲ್ಯದ ಮೇಲೆ. ವೈದ್ಯರು ಕಾಲಿನ ಊನವನ್ನು ಅಳೆದು ಒಂದು ಅಂಕಿ ಬರೆಯುತ್ತಾರೆ; ಆ ಊನದಿಂದ ಆ ವ್ಯಕ್ತಿಯ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂಬುದು ಬೇರೆಯೇ ಅಂಕಿ. 2011ರ ರಾಜ್ ಕುಮಾರ್ ತೀರ್ಪು ಈ ಎರಡನ್ನೂ ಬೇರ್ಪಡಿಸಿ, ಎಡಗೈ ಹೋದರೆ ಬಡಗಿ ಅಥವಾ ಚಾಲಕನ ಗಳಿಕೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಬಹುದು, ಗುಮಾಸ್ತನದು ನಿಲ್ಲದಿರಬಹುದು ಎಂದು ವಿವರಿಸಿತು. ಕರ್ನಾಟಕದ್ದೇ ಆದ ಸೈಯದ್ ಸಾದಿಕ್ ಪ್ರಕರಣದಲ್ಲಿ, 2014ರಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ ಶೇ 85 ಎಂದು ಪರಿಗಣಿಸಿತು. ಮೆಕ್ಕೆಜೋಳದ ಚೀಲವನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಏರಿಸುವವನಿಗೆ ಕಾಲಿಲ್ಲದೆ ಆ ಕಸುಬೇ ಇಲ್ಲ. ಇದನ್ನು ವೈದ್ಯರ ಸಾಕ್ಷ್ಯದಲ್ಲಿ, ಜೊತೆಯ ಹಮಾಲರ ಸಾಕ್ಷ್ಯದಲ್ಲಿ ಸ್ಪಷ್ಟವಾಗಿ ಹೇಳಿಸಬೇಕು. ಆದಾಯಕ್ಕೆ ಎಪಿಎಂಸಿ ಕೊಟ್ಟ ಹಮಾಲರ ಪರವಾನಗಿ, ದಲಾಲಿ ಅಂಗಡಿಯ ಹಮಾಲಿ ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಒದಗಿಸಿ. ಏನೂ ಸಿಗದಿದ್ದರೆ, ಲೋಕ ಅದಾಲತ್‌ಗಾಗಿ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ನೋಡುತ್ತವೆ.

ಅರ್ಜಿಯನ್ನು 166ನೇ ಕಲಮಿನ ಅಡಿಯಲ್ಲಿ ದಾವಣಗೆರೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು, ರಾಣೆಬೆನ್ನೂರಿಗೆ ಅಲೆಯಬೇಕಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆಯಾದರೂ ಅದನ್ನು ನಂಬಿ ಕೂರಬೇಡಿ. ನಿಮಗೆ ಇನ್ನೂ ನಾಲ್ಕು ತಿಂಗಳಿದೆ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ 164ನೇ ಕಲಮಿನ ದಾರಿಯೂ ಕಾಯ್ದೆಯಲ್ಲಿದೆ, ಆದರೆ ಇಷ್ಟು ದೊಡ್ಡ ನಷ್ಟವಿರುವಾಗ ಅದಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನ್ಯಾಯಮಂಡಳಿಯ ಹಣ ಬರುವವರೆಗೆ ಮನೆ ನಡೆಯಬೇಕಲ್ಲ. ಯಜಮಾನರ ಸ್ವಂತ ಬೈಕಿನ ಪಾಲಿಸಿಯನ್ನು ತೆಗೆದು ನೋಡಿ. ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲಿಗೆ ಪ್ರೀಮಿಯಂ ಕಟ್ಟಿದ್ದು, ಬೈಕ್ ಅವರ ಹೆಸರಿನಲ್ಲಿದ್ದು, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ, 15 ಲಕ್ಷದ ಆ ರಕ್ಷಣೆಯಲ್ಲಿ ಒಂದು ಕಾಲು ಹೋದುದಕ್ಕೆ ಅರ್ಧ, ಅಂದರೆ 7.5 ಲಕ್ಷ ರೂಪಾಯಿ ಸಿಗಬೇಕು. ಗುದ್ದಿದವನ ತಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟೋ ಕುಟುಂಬಗಳು ತಮ್ಮ ಕೈಯಲ್ಲೇ ಇರುವ ಈ ಹಕ್ಕನ್ನು ಕೇಳದೆ ಬಿಡುವುದು ನೋಡಿದರೆ ಸಂಕಟವಾಗುತ್ತದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಒಂದು ಕಾಲು ಕಳೆದುಕೊಂಡರೆ ಅದರಲ್ಲಿ 1 ಲಕ್ಷ ಇದೆ. ಎರಡಕ್ಕೂ ಈ ವಾರವೇ ಬರೆದು ತಿಳಿಸಿ.

ಐವತ್ತು ಸಾವಿರದ ಕಾಗದಕ್ಕೆ ಸಹಿ ಹಾಕಬೇಡಿ. ಆತ ಆಸ್ಪತ್ರೆ ಖರ್ಚಿಗೆಂದು ಹಣ ಕೊಟ್ಟರೆ ಬ್ಯಾಂಕ್ ಮೂಲಕ ಪಡೆದು, ಇದು ಪೂರ್ಣ ಪರಿಹಾರವಲ್ಲ ಎಂದು ಬರೆದು ರಸೀದಿ ಕೊಡಿ. ಆದರೆ ರಾಜಿಯನ್ನೇ ತಳ್ಳಿಹಾಕಬೇಡಿ ಎಂದೂ ಹೇಳುತ್ತೇನೆ. ಲಾರಿಯ ಸುಳಿವು ಸಿಗದೆ, ಮಾಲೀಕರ ಆಸ್ತಿಯೂ ಅಷ್ಟಕ್ಕಷ್ಟೇ ಎಂದು ಗೊತ್ತಾದರೆ, ಅರ್ಜಿ ದಾಖಲಾದ ಮೇಲೆ ಲೋಕ ಅದಾಲತ್‌ನಲ್ಲಿ ನ್ಯಾಯಾಧೀಶರ ಮುಂದೆ, ಕೈಗೆ ಬರುವ ಹಣಕ್ಕೆ ಒಪ್ಪುವುದು ಕಾಗದದ ಮೇಲಿನ ಮೂವತ್ತು ಲಕ್ಷಕ್ಕಿಂತ ಮೇಲಾಗಬಹುದು. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇರುವುದಿಲ್ಲ, ಆದ್ದರಿಂದ ಹಣದ ದಿನಾಂಕಗಳು, ತಪ್ಪಿದರೆ ಏನು ಎಂಬುದು ಆದೇಶದಲ್ಲೇ ಇರಬೇಕು.

ವಕೀಲರ ಬಗ್ಗೆ ಒಂದು ಮಾತು. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳು ಒಪ್ಪುವುದಿಲ್ಲ. ಅಂಗವಿಕಲರು ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ನಿಮ್ಮ ತಮ್ಮನ ಗಾಯಕ್ಕೆ ಅವನ ಹೆಸರಿನಲ್ಲೇ ಪ್ರತ್ಯೇಕ ಅರ್ಜಿ ಹಾಕಬೇಕು. ಎರಡೂ ಒಂದೇ ಅಪಘಾತದವಾದ್ದರಿಂದ ಒಟ್ಟಿಗೆ ವಿಚಾರಣೆ ನಡೆಸುವಂತೆ ಕೇಳಬಹುದು. ಅವನ ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಔಷಧ ಅಂಗಡಿಯ ಮೂಲ ಬಿಲ್ಲುಗಳನ್ನು ಭಾವನ ಕಾಗದಗಳೊಂದಿಗೆ ಬೆರೆಸದೆ ಬೇರೆ ಫೈಲಿನಲ್ಲಿ ಜೋಡಿಸಿಡಿ.